ಮಣಿಯ ಹಿಂಗಾಲು, ನನ್ನ ಹೆದರಿಕೆ

ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿದ ಹರಳೆಣ್ಣೆಯ ವಾಸನೆ ನಿಮಗೆ ಗೊತ್ತಿರಬಹುದು. ಅದು ಅಡುಗೆಯ ವಾಸನೆಯೂ ಅಲ್ಲ, ಔಷಧಿಯ ವಾಸನೆಯೂ ಅಲ್ಲ. ಈ ಮನೆಯಲ್ಲಿ ಯಾರಿಗೋ ಎಲ್ಲೋ ನೋವಿದೆ ಎಂದು ಬೀದಿಗೆಲ್ಲ ಸಾರಿ ಹೇಳುವ ವಾಸನೆ. ಈ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಜಯ ಆ ಎಣ್ಣೆಯನ್ನು ಒಲೆಯ ಮೇಲಿಟ್ಟಳು. ನೋವು ನನ್ನದು, ಬಲಗಾಲಿನ ಮೊಣಕಾಲಿನದು. ನಾನು ಜಗಲಿಯ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ಕಾಲು ಚಾಚಿಕೊಂಡು, ಎಣ್ಣೆ ಬರುವುದನ್ನೇ ಕಾಯುತ್ತ ಕುಳಿತಿದ್ದೆ. ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ನನ್ನ ಕಾಲು ಮರೆತೇ ಹೋಯಿತು. ನೆನಪಾದದ್ದು ಮಣಿಯ ಕಾಲು.

ಮಣಿ ಅಂದರೆ ನಮ್ಮ ನಾಯಿ. ಸತ್ತು ನಾಲ್ಕು ವರ್ಷದ ಮೇಲಾಯಿತು. ನಮ್ಮ ಹೊಸೂರು ಕಡೆ ಕನ್ನಡದವರ ಮನೆಯಿರಲಿ, ತಮಿಳರ ಮನೆಯಿರಲಿ, ತೆಲುಗರ ಮನೆಯಿರಲಿ, ನಾಯಿಗೆ ಹೆಸರಿಡುವಾಗ ಮಾತ್ರ ಎಲ್ಲರದೂ ಒಂದೇ ಬುದ್ಧಿ. ನಮ್ಮೂರ ಬೀದಿಯಲ್ಲಿ ನಿಂತು 'ಮಣಿ' ಎಂದು ಕೂಗಿದರೆ ಮೂರು ನಾಯಿಗಳೂ ಒಬ್ಬ ಎಲೆಕ್ಟ್ರಿಷಿಯನ್ನೂ ತಿರುಗಿ ನೋಡುತ್ತಾರೆ. ನಮ್ಮ ಮಣಿ ಹುಟ್ಟಿದ್ದು ರಾಯಕೋಟೆಯಲ್ಲಿ. ಸಂತೆಗೆ ಟೊಮೆಟೊ ಸಸಿ ತರಲು ಹೋದವನು ಸಸಿಯ ಜೊತೆ ಅದನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದೆ. ಕಂಡಕ್ಟರ್ ಚೀಲದೊಳಗೆ ಇಣುಕಿ, ಇದಕ್ಕೆ ಟಿಕೆಟ್ ಬೇಡ, ಆದರೆ ಉಚ್ಚೆ ಹೊಯ್ದರೆ ನೀನೇ ಒರೆಸಬೇಕು ಅಂದ. ಹೊಯ್ದಿತು. ಒರೆಸಿದೆ.

ಈಗ ನನ್ನ ವಿಷಯ ಒಂದಿಷ್ಟು ಹೇಳಬೇಕು. ನನಗೆ ಮೀಸೆಯಿದೆ, ದಪ್ಪ ದನಿಯಿದೆ. ಕಂಪನಿಯಲ್ಲಿ ನಾನು ಪ್ರೆಸ್ ಮೆಷಿನ್ನಿನ ಮುಂದೆ ನಿಂತು ಒಂದು ಮಾತು ಗದರಿದರೆ ಹೊಸ ಹುಡುಗರು ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಾರೆ. ಇದೆಲ್ಲ ಹೊರಗಿನ ಸುಣ್ಣಬಣ್ಣ. ಒಳಗೆ ನಾನು ಪುಕ್ಕಲ. ಚಿಕ್ಕಂದಿನಿಂದಲೂ ಹೀಗೇ. ಕತ್ತಲೆಂದರೆ ಹೆದರಿಕೆ, ಬಾವಿಯೆಂದರೆ ಹೆದರಿಕೆ, ಆನೆಯೆಂದರೆ ಮಾತ್ರ ಹೆದರಿಕೆ ಅನ್ನುವ ಪದ ಸಾಲದು. ಹೊಟ್ಟೆಯೊಳಗೆ ತಣ್ಣೀರು ಸುರಿದಂತಾಗುತ್ತದೆ. ಆನೆಗೆ ಹೆದರುವವನು ಆನೆ ಬರುವ ಊರಲ್ಲಿ ಹುಟ್ಟಬಾರದಿತ್ತು. ಹುಟ್ಟುವ ಮುಂಚೆ ನನ್ನನ್ನು ಯಾರು ಕೇಳಿದರು?

ನಮ್ಮ ಮನೆ ಇರುವುದು ಊರ ಹೊರಗೆ, ಹೊಲದಲ್ಲಿ. ಸಾನಮಾವು ಕಾಡಿನ ಅಂಚು ಅಲ್ಲಿಂದ ಕಣ್ಣಿಗೆ ಕಾಣುತ್ತದೆ. ಮನೆಯಿಂದ ಕಂಪನಿ ಬಸ್ಸು ನಿಲ್ಲುವ ರಸ್ತೆಗೆ ಕಾಲುದಾರಿಯಲ್ಲಿ ಅರ್ಧ ಗಂಟೆ. ಮೊದಲು ನಮ್ಮ ರಾಗಿ ಹೊಲ, ಆಮೇಲೆ ನಮ್ಮ ದೊಡ್ಡಪ್ಪನ ಹೊಲ, ಅದು ದಾಟಿದರೆ ನೀಲಗಿರಿ ತೋಪು, ಆಮೇಲೆ ಕೆರೆ ಏರಿ, ಕೊನೆಗೆ ರಸ್ತೆ. ಫಸ್ಟ್ ಶಿಫ್ಟಿನವರಿಗೆ ಬಸ್ಸು ಬರುವುದು ಐದೂಕಾಲಿಗೆ. ಅಂದರೆ ಕೋಳಿ ಕೂಗುವ ಹೊತ್ತಿಗೆ ನಾನು ದಾರಿಯಲ್ಲಿರಬೇಕು. ರಾಗಿ ತೆನೆ ಬಲಿಯುವ ತಿಂಗಳುಗಳಲ್ಲಿ ಜವಳಗಿರಿ ಕಡೆಯಿಂದ ಆನೆ ಹಿಂಡು ಇಳಿದು ಬಂದು ಸಾನಮಾವಿನಲ್ಲಿ ಬೀಡು ಬಿಡುತ್ತದೆ. ಹಗಲು ಕಾಡಿನಲ್ಲಿ, ಇರುಳು ನಮ್ಮ ಹೊಲಗಳಲ್ಲಿ. ಕೋಳಿ ಕೂಗುವ ಹೊತ್ತು ಅವು ಹಿಂದಿರುಗಿ ಹೋಗುವ ಹೊತ್ತು. ನಾನು ಕೆಲಸಕ್ಕೆ ಹೋಗುವಾಗ ಅವು ಕೆಲಸ ಮುಗಿಸಿ ಮನೆಗೆ ಹೋಗುತ್ತಿರುತ್ತವೆ. ದಾರಿಯೋ, ಇಬ್ಬರದೂ ಅದೇ.

ಹೀಗಿರುವಾಗ ನಾನು ಇಪ್ಪತ್ತು ಚಿಲ್ಲರೆ ವರ್ಷ ಆ ದಾರಿಯಲ್ಲಿ ನಡೆದದ್ದು ಹೇಗೆ ಅಂದರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಣಿಯ ಹಿಂದೆ. ಅದು ನನಗಿಂತ ಹತ್ತು ಹೆಜ್ಜೆ ಮುಂದೆ, ಬಾಲ ಎತ್ತಿಕೊಂಡು ಹೋಗುತ್ತಿತ್ತು. ನಾನು ಟಾರ್ಚನ್ನು ದಾರಿಯ ಮೇಲೆ ಬಿಡುತ್ತಿರಲಿಲ್ಲ, ಅದರ ಬಾಲದ ಮೇಲೆ ಬಿಡುತ್ತಿದ್ದೆ. ಬಾಲ ಆಡುತ್ತಿದ್ದರೆ ಲೋಕ ಕ್ಷೇಮ. ಬಾಲ ನಿಂತರೆ ನಾನೂ ನಿಂತೆ. ಎರಡು ಸಲ ಅದು ತೋಪಿನ ಮುಂದೆ ನಿಂತು, ಮೂಗೆತ್ತಿ, ಹಿಂದಕ್ಕೆ ತಿರುಗಿ ನನ್ನನ್ನು ಮನೆಗೆ ಕರೆತಂದಿದೆ. ಎರಡು ಸಲವೂ ನಾನು ಕಂಪನಿಗೆ ಫೋನು ಮಾಡಿ ಜ್ವರ ಅಂದೆ. ಸುಳ್ಳೇನಲ್ಲ, ಮೈ ಬಿಸಿಯಾಗಿಯೇ ಇತ್ತು.

ಈ ಹೆದರಿಕೆಯನ್ನು ನಾನು ಜಯಳಿಗೆ ಯಾವತ್ತೂ ಹೇಳಿದವನಲ್ಲ. ಹೇಳುವುದಾದರೂ ಹೇಗೆ? ಅವಳು ಹಂದಿ ಹಿಂಡನ್ನು ತಟ್ಟೆ ಬಡಿದು ಓಡಿಸುವ ಹೆಂಗಸು. ಬೆಳಿಗ್ಗೆ ಟಿಫನ್ ಬಾಕ್ಸ್ ಕೈಗಿಟ್ಟು, "ನಿಮ್ಗೇನ್ ಬುಡಿ, ಮುಂದೆ ಮಣಿ ಅವ್ನೆ" ಎಂದು ಕದ ಹಾಕಿಕೊಳ್ಳುತ್ತಿದ್ದಳು. ಅದು ಕೀಟಲೆ ಎಂದೇ ನಾನು ತಿಳಿದಿದ್ದೆ. ಅವಳು ಹಾಸಿಗೆಗೆ ಹಿಂದಿರುಗಿ ಇನ್ನೊಂದು ಗಳಿಗೆ ನಿದ್ದೆ ತೆಗೆಯುತ್ತಾಳೆ ಎಂದೂ ತಿಳಿದಿದ್ದೆ. ಹೊಟ್ಟೆಕಿಚ್ಚೂ ಪಟ್ಟಿದ್ದೆ.

ಮಣಿಗೆ ಹನ್ನೆರಡು ತುಂಬುವ ಹೊತ್ತಿಗೆ ಒಂದು ಸದ್ದು ಶುರುವಾಯಿತು. ನಮ್ಮ ಅಂಗಳದ ಸಿಮೆಂಟಿನ ಮೇಲೆ ಅದು ನಡೆದರೆ ಹಿಂಗಾಲಿನ ಉಗುರು ಕರ್ ಕರ್ ಎಂದು ಕೆರೆಯುತ್ತಿತ್ತು. ಪಾದ ಪೂರ್ತಿ ಎತ್ತಲಾಗದೆ ಎಳೆಯುತ್ತಿದೆ ಎಂದು ನನಗೆ ಆಗ ತಿಳಿಯಲಿಲ್ಲ. ಉಗುರು ಬೆಳೆದಿದೆ ಅಂದುಕೊಂಡೆ. ಆಮೇಲೆ ಕೆರೆ ಏರಿಯ ಮೇಲೆ ನಡುದಾರಿಯಲ್ಲೇ ಕೂರತೊಡಗಿತು. ಆಮೇಲೆ ಒಂದು ದಿನ, ನಾನು ಚಪ್ಪಲಿ ಮೆಟ್ಟಿ ಕರೆದಾಗ, ಮುಂಗಾಲು ಎದ್ದವು, ಹಿಂಗಾಲು ಏಳಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿತು. ಆಗಲಿಲ್ಲ. ನನ್ನ ಮುಖ ನೋಡಿತು. ತಪ್ಪು ಮಾಡಿದವರ ನೋಟ ಅದು. ತಪ್ಪೇನಿತ್ತು ಅದರದು?

ಅವತ್ತು ಒಬ್ಬನೇ ಹೋದೆ. ಆ ಅರ್ಧ ಗಂಟೆಯನ್ನು ಈಗ ಜಗಲಿಯ ಮೇಲೆ ಬಿಸಿಲಲ್ಲಿ ಕುಳಿತು ನೆನೆದರೂ ಅಂಗೈ ಬೆವರುತ್ತದೆ. ರಾಗಿ ಹೊಲದ ನಡುವಿನ ಪ್ರತಿ ಬಂಡೆಯೂ ಉಸಿರಾಡುತ್ತಿತ್ತು. ನೀಲಗಿರಿ ಎಲೆ ಉದುರಿದರೂ ಸೊಂಡಿಲೇ. ಫೋನಿನಲ್ಲಿ ಯಾವುದೋ ಜಾಹೀರಾತನ್ನು ಜೋರಾಗಿ ಹಾಕಿಕೊಂಡೆ, ಮನುಷ್ಯರ ದನಿ ಇರಲಿ ಎಂದು. ಆಮೇಲೆ, ಆ ಸದ್ದು ಕೇಳಿಯೇ ಬಂದುಬಿಟ್ಟರೆ ಅನ್ನಿಸಿ ಆರಿಸಿದೆ. ಆರಿಸಿದ ಮೇಲೆ ನನ್ನ ಎದೆಯ ಸದ್ದು ಅದಕ್ಕಿಂತ ಜೋರಾಗಿತ್ತು. ಬಸ್ಸು ಹತ್ತಿದಾಗ ಪಕ್ಕದ ಸೀಟಿನವನು, ಏನಣ್ಣ ಚಳಿನಾ, ಅಂದ. ಚಳಿ ಅಂದೆ.

ಮರುದಿನವೇ ರಜ ಹಾಕಿದೆ. ಮಣಿಯನ್ನು ಟಿವಿಎಸ್ ಗಾಡಿಯ ಮುಂದೆ ಗೋಣಿ ಹಾಸಿ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೋದೆ. ನೋಡಿದವರೆಲ್ಲ, "ಅಯ್ಯೋ, ಎಂಥ ಪ್ರೀತಿ ಕಣಪ್ಪ ನಿಂದು" ಅಂದರು. ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಅವತ್ತು ಗಾಡಿ ಓಡಿಸುತ್ತಿದ್ದದ್ದು ಪ್ರೀತಿಯಲ್ಲ. ನಿಮಗಾದರೂ ನಿಜ ಹೇಳಿಬಿಡುತ್ತೇನೆ, ಹೆದರಿಕೆ.

ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬ ತಮಿಳು ಡಾಕ್ಟರಮ್ಮ, ಚಿಕ್ಕ ವಯಸ್ಸು. ಮಣಿಯ ತೊಡೆ ಹಿಡಿದು, ಸೊಂಟ ಒತ್ತಿ, ಪಾದವನ್ನು ಬುಡಮೇಲು ಮಾಡಿಟ್ಟು ಅದು ಎಷ್ಟು ಹೊತ್ತಿಗೆ ಸರಿಮಾಡಿಕೊಳ್ಳುತ್ತದೆ ಎಂದು ನೋಡಿದರು. ವಯಸ್ಸಾಗಿದೆ, ಕೀಲು ಸವೆದಿದೆ, ನೋವಿಗೆ ಹೆದರಿ ಕಾಲು ಬಳಸದೆ ಹಿಂದಿನ ಮಾಂಸಖಂಡ ಕರಗಿದೆ ಅಂದರು. ನೋವಿನ ಮಾತ್ರೆ ಬರೆದುಕೊಟ್ಟು, ಅದಕ್ಕಿಂತ ಮುಖ್ಯ ವ್ಯಾಯಾಮ ಅಂದರು. ನಾಯಿಗೆ ವ್ಯಾಯಾಮವಾ ಎಂದು ನಾನು ಬಾಯಿ ಬಿಟ್ಟೆ. ಅವರು ಸೀರೆಯ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕುಳಿತೇ ತೋರಿಸಿಕೊಟ್ಟರು.

ಮೊದಲು ಬಿಸಿ ಬಟ್ಟೆಯಿಂದ ತೊಡೆಗೆ ಶಾಖ. ಆಮೇಲೆ ನಾಯಿಯ ಒಂದು ಮಗ್ಗುಲು ಗೋಡೆಗೆ ತಾಗುವಂತೆ ನಿಲ್ಲಿಸಿ, ಕಾಲು ಪಕ್ಕಕ್ಕೆ ಜಾರದ ಹಾಗೆ ನಿಧಾನವಾಗಿ ಕೂರಿಸಬೇಕು, ನಿಧಾನವಾಗಿ ಏಳಿಸಬೇಕು, ಐದು ಸಲ. ಆಮೇಲೆ ಒಂದು ಮುಂಗಾಲನ್ನು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿಯಬೇಕು, ಮೈಭಾರ ಹಿಂದಕ್ಕೆ ಹೋಗಲಿ ಎಂದು. ನೆಲದ ಮೇಲೆ ನಾಲ್ಕು ಬಿದಿರುಕೋಲು ಅಡ್ಡಡ್ಡ ಮಲಗಿಸಿ, ಅವನ್ನು ತಾಗದೆ ಒಂದೊಂದೇ ಪಾದ ಎತ್ತಿ ದಾಟಿಸಬೇಕು. ನುಣುಪು ನೆಲದ ಮೇಲೆ ಗೋಣಿ ಹಾಸಬೇಕು. ಇಷ್ಟೇ. ಆಮೇಲೆ ಬೆರಳೆತ್ತಿ ಒಂದು ಮಾತು ಹೇಳಿದರು. "ಮೆದುವಾ, ರೊಂಬ ಮೆದುವಾ. ಒರು ನಾಳೈಕ್ಕು ಒರೇ ತಡವೆ. ಕಾಲ್ ನಡುಂಗಿನಾ ನಿರುತ್ತಿಡುಂಗ." ಮೆಲ್ಲಗೆ, ಬಹಳ ಮೆಲ್ಲಗೆ. ದಿನಕ್ಕೆ ಒಂದೇ ಸಲ. ಕಾಲು ನಡುಗಿದರೆ ನಿಲ್ಲಿಸಿಬಿಡಿ. ಹೆಚ್ಚು ಮಾಡಿದರೆ ಇರುವ ಶಕ್ತಿಯೂ ಹೋಗುತ್ತದೆ ಎಂದು ಎರಡು ಸಲ ಹೇಳಿ ಕಳಿಸಿದರು. ನಾನು ಒಬ್ಬನೇ ಕೇಳಿಸಿಕೊಂಡೆ, ಒಬ್ಬನೇ ತಲೆಯಾಡಿಸಿದೆ. ಮನೆಗೆ ಬಂದು ಜಯಳಿಗೆ, ಏನೋ ಎಕ್ಸರ್ಸೈಸ್ ಅಂತೆ, ಅಂದೆ. ಅಷ್ಟೇ ಹೇಳಿದ್ದು.

ಅವತ್ತಿನಿಂದ ದಿನಾ ಶಿಫ್ಟು ಮುಗಿಸಿ ಬಂದು, ಕಾಫಿ ಕುಡಿದು, ಅಂಗಳದಲ್ಲಿ ನಮ್ಮ ಗರಡಿ ಶುರು. ಮಣಿಗೆ ಬೇರೆ ಯಾವುದರ ಆಸೆಯೂ ಇಲ್ಲ, ಒಣಮೀನು ಒಂದೇ. ಅದರ ಚೂರನ್ನು ಮೂಗಿನ ಮುಂದೆ ಹಿಡಿದು ಮೇಲೆತ್ತಿದರೆ ಏಳುತ್ತದೆ, ಕೆಳಗಿಳಿಸಿದರೆ ಕೂರುತ್ತದೆ. ಏಳುವಾಗ ಅದರ ಜೊತೆ ನನ್ನ ಬಾಯಿಂದಲೂ 'ಹ್ಞೂಂ' ಎಂಬ ಸದ್ದು ಬರುತ್ತಿತ್ತು. ಜಯ ಹೊಸ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದಳು. ನಗುತ್ತಿರಲಿಲ್ಲ. ಇದು ನನಗೆ ಆಶ್ಚರ್ಯವೇ. ನಾನು ಯೋಗ ಮಾಡಿದಾಗ ಅವಳು ಬಿದ್ದು ಬಿದ್ದು ನಕ್ಕವಳು.

ನಗಲು ನಮ್ಮ ದೊಡ್ಡಪ್ಪ ಇದ್ದರು. ಎಂಬತ್ತರ ಹತ್ತಿರದ ಜೀವ, ಈಗಲೂ ರಾಗಿ ಕಾಲದಲ್ಲಿ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತು ಹೊಲ ಕಾಯುವವರು. ಆನೆಯನ್ನು ಆನೆ ಎಂದು ಅವರು ಬಾಯಿ ಬಿಟ್ಟು ಹೇಳುವುದಿಲ್ಲ, 'ದೊಡ್ಡೋರು' ಅನ್ನುತ್ತಾರೆ. ಬೇಲಿಯಾಚೆ ನಿಂತು ನಮ್ಮ ಕವಾಯತು ನೋಡಿದರು.

"ಏನ್ಲಾ ಇದು, ನಾಯ್ಗೆ ಡ್ರಿಲ್ಲು? ಪೊಲೀಸ್ಗೆ ಸೇರಿಸ್ತೀಯೇನ್ಲಾ?"

"ಕಾಲ್ಗೆ ಬಲ ಬರ್ಲಿ ಅಂತ ದೊಡ್ಡಪ್ಪ."

"ಬಲ ಬಂದ್ರೆ?"

"ಮೊದ್ಲಿನಂಗೆ ನನ್ ಜೊತೆ ಬತ್ತದೆ, ಬೆಳಿಗ್ಗೆ."

ಅವರ ಮುಖದ ನಗು ಹೋಯಿತು. ಬೀಡಿ ಕೆಳಗೆ ಹಾಕಿ ಹೊಸಕಿದರು. "ಬ್ಯಾಡ ಕಣ್ಲಾ. ಮುದಿ ನಾಯಿ, ಮನೇಲಿರ್ಲಿ. ದೊಡ್ಡೋರ್ ಕಂಡ್ರೆ ನಾಯಿ ಮೊದ್ಲು ಬೊಗಳ್ತದೆ, ಆಮೇಲೆ ಓಡ್ತದೆ. ಎಲ್ಲಿಗ್ ಓಡ್ತದೆ? ಸಾಕ್ದೋನ್ ತಾವ್ಕೇ ಓಡ್ತದೆ. ಅದ್ರ ಹಿಂದೇನೆ ಅವ್ರೂ ಬತ್ತಾರೆ. ನಾಯಿ ಕಾಲ್ಸಂದೀಲಿ ನುಸ್ಕೊಂಡ್ ಹೋಯ್ತದೆ. ನೀನು ಹೋಗ್ತೀಯೇನ್ಲಾ?"

ಇದು ಹೊಸ ಮಾತಲ್ಲ, ಅವರ ಹೊಲದಂಚಿನಲ್ಲಿ ಹಾಗೆ ಸತ್ತವರ ಕಥೆ ನಾನು ಕೇಳಿಯೇ ಬೆಳೆದವನು. ಆದರೂ ಹೆದರುವವನ ಬುದ್ಧಿ ಎಂಥದು ನೋಡಿ. ನಾಯಿ ಜೊತೆಗಿದ್ದರೆ ಅಪಾಯ ಎಂದು ತಲೆಗೆ ಗೊತ್ತು. ನಾಯಿ ಇಲ್ಲದೆ ನಡೆಯಲು ಕಾಲಿಗೆ ಗೊತ್ತಿಲ್ಲ. ತಲೆ, ಕಾಲು ಎರಡರಲ್ಲಿ ಐದೂಕಾಲಿನ ಬಸ್ಸು ಹಿಡಿಯಬೇಕಾದದ್ದು ಕಾಲು ತಾನೆ? ನಾನು ಕೋಲು ಜೋಡಿಸುವುದನ್ನು ಬಿಡಲಿಲ್ಲ. ಅಷ್ಟರವರೆಗೆ ದಿನಾ ಒಬ್ಬನೇ ನಡೆದೆ, ಪ್ರತಿದಿನವೂ ಇವತ್ತೇ ಕೊನೆ ಎಂದುಕೊಂಡು.

ಒಂದೂವರೆ ತಿಂಗಳಿಗೆ ಫಲ ಕಂಡಿತು. ಉಗುರಿನ ಕರ್ ಕರ್ ಕಡಿಮೆಯಾಯಿತು. ತೊಡೆ ತುಂಬಿಕೊಂಡಿತು. ಆದರೆ ಒಂದು ವಿಚಿತ್ರ. ಕೆಲವು ದಿನ ಐದು ಸಲ ಲೀಲಾಜಾಲವಾಗಿ ಎದ್ದು ಕೂರುತ್ತಿದ್ದದ್ದು, ಕೆಲವು ದಿನ ಎರಡನೆಯ ಸಲಕ್ಕೇ ಕಾಲು ಗಡಗಡ ನಡುಗಿಸುತ್ತಿತ್ತು. ನಾನು ಕೋಲು ತಂದರೆ, 'ಮತ್ತೆ ಶುರುವಾ' ಎನ್ನುವ ಹಾಗೆ ತಲೆ ಆಚೆ ತಿರುಗಿಸುತ್ತಿತ್ತು. ಸೋಮಾರಿ ಎಂದು ಬೈದೆ. ನಡುಗಿದಾಗ ನಿಲ್ಲಿಸುತ್ತಿದ್ದೆ ನಿಜ, ಡಾಕ್ಟರಮ್ಮನ ಮಾತು ಮೀರಲಿಲ್ಲ. ಮರುದಿನ ಮತ್ತೆ ಶುರುಮಾಡುತ್ತಿದ್ದೆ. ಇನ್ನೊಂದು ವಿಚಿತ್ರವೆಂದರೆ ಒಣಮೀನಿನ ಡಬ್ಬ. ನಾನು ಖರ್ಚು ಮಾಡುವುದಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಅದಕ್ಕೆ ದೊಡ್ಡಪ್ಪನ ಮನೆಯ ಬೆಕ್ಕನ್ನು ಬೈದೆ.

ರಾಗಿ ತೆನೆ ಬಾಗಿದ ಹೊತ್ತಿಗೆ ಮಣಿ ಮತ್ತೆ ನನ್ನ ಮುಂದೆ ನಡೆಯಿತು. ಹತ್ತು ಹೆಜ್ಜೆ ಮುಂದಲ್ಲ, ಮೂರು ಹೆಜ್ಜೆ. ಬಾಲ ಮೊದಲಿನಷ್ಟು ಎತ್ತರವಿರಲಿಲ್ಲ, ಆದರೆ ಆಡುತ್ತಿತ್ತು. ರಸ್ತೆಯವರೆಗೆ ಬಂದು, ಬಸ್ಸು ಹೋದ ಮೇಲೆ ತಾನೇ ಮೆಲ್ಲಗೆ ಮನೆ ಸೇರುತ್ತಿತ್ತು. ಮೊದಲ ದಿನ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ ನನ್ನ ಕಣ್ಣು ತುಂಬಿಬಿಟ್ಟಿತು. ಇನ್ನು ಭಯವಿಲ್ಲ ಅಂದುಕೊಂಡೆ. ಹತ್ತು ಹನ್ನೆರಡು ದಿನ ಹಾಗೇ ಅಂದುಕೊಂಡು ಕಳೆದೆ.

ಅವತ್ತು ಮಂಜು ಕವಿದಿತ್ತು. ದೊಡ್ಡಪ್ಪನ ಹೊಲ ದಾಟಿ ತೋಪಿನ ಹತ್ತಿರ ಬರುವಾಗ ವಾಸನೆ ಬಂತು. ನೆನೆದ ಹುಲ್ಲು, ಲದ್ದಿ, ಹುಳಿ ಹುಳಿಯಾದ ಇನ್ನೇನೋ. ನನ್ನ ಮೂಗಿಗೇ ಬಂತು ಅಂದರೆ ಎಷ್ಟು ಹತ್ತಿರ ಇರಬೇಕು ಲೆಕ್ಕ ಹಾಕಿ. ಮಣಿಯ ಬಾಲ ನಿಂತಿತು. ನಾನೂ ನಿಂತೆ. ತೋಪಿನೊಳಗೆ ಒಂದು ಕೊಂಬೆ ಲಟ್ಟೆಂದು ಮುರಿಯಿತು. ಆಮೇಲೆ ಮಂಜಿನಲ್ಲಿ ಒಂದು ಭಾಗ ಉಳಿದದ್ದಕ್ಕಿಂತ ಕಪ್ಪಾಯಿತು, ಆ ಕಪ್ಪು ಅಲುಗಿತು.

ಮಣಿ ಬೊಗಳಿತು. ಬೊಗಳಿ, ದೊಡ್ಡಪ್ಪ ಹೇಳಿದ್ದಂತೆಯೇ, ಓಡಲು ನನ್ನ ಕಡೆಗೆ ತಿರುಗಿತು. ತಿರುಗಿದ್ದೇ ತಡ ಹಿಂಗಾಲೆರಡೂ ಒಂದೇ ಪಕ್ಕಕ್ಕೆ ಕುಸಿದವು. ಕುಳಿತುಬಿಟ್ಟಿತು. ಏಳಲು ನೋಡಿತು. ಅಂಗಳದಲ್ಲಿ ನಾನು ಕಲಿಸಿದ ಹಾಗೆಯೇ, ಮುಂಗಾಲು ಊರಿ, ತಲೆ ಎತ್ತಿ, ಒಮ್ಮೆ. ಹಿಂಗಾಲು ನಡುಗುತ್ತಿದ್ದದ್ದು ಟಾರ್ಚಿನ ಬೆಳಕಿನಲ್ಲಿ ನನಗೆ ಚೆನ್ನಾಗಿ ಕಾಣುತ್ತಿತ್ತು. ಇನ್ನೊಮ್ಮೆ. ಆಮೇಲೆ ನನ್ನ ಮುಖ ನೋಡಿತು. ನಮ್ಮ ನಡುವೆ ಆರೇಳು ಹೆಜ್ಜೆ. ಹೋಗಿ ಎತ್ತಿಕೊಳ್ಳಬಹುದಿತ್ತು. ಒಂದು ಮೂಟೆ ರಾಗಿಯಷ್ಟೂ ತೂಕವಿರಲಿಲ್ಲ ಅದು.

ನಾನು ಓಡಿದೆ.

ಟಿಫನ್ ಬಾಕ್ಸ್ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಹೋಯಿತೋ. ದೊಡ್ಡಪ್ಪನ ಪಂಪ್‌ಸೆಟ್ ಮನೆಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಮೋಟರಿನ ಪಕ್ಕ, ಗ್ರೀಸಿನ ಮೇಲೆ ಕುಕ್ಕರಿಸಿದೆ. ಮಣಿ ಬೊಗಳುತ್ತಲೇ ಇತ್ತು. ಕೂತಲ್ಲಿಂದಲೇ ಬೊಗಳುತ್ತಿದೆ ಎಂದು ದನಿಯಲ್ಲೇ ತಿಳಿಯುತ್ತಿತ್ತು, ಅದು ಒಂದಿಂಚೂ ಸರಿಯುತ್ತಿರಲಿಲ್ಲ. ಆಮೇಲೆ ಬೊಗಳುವುದು ನಿಂತಿತು. ನಿಂತ ಮೇಲೆ ಬಂದ ಆ ಮೌನದಲ್ಲಿ ನಾನು ದೇವರನ್ನು ಬೇಡಿಕೊಂಡೆ. ಮಣಿಗಾಗಿ ಅಲ್ಲ. ಆ ಬಾಗಿಲಿನ ಚಿಲಕ ಗಟ್ಟಿಯಾಗಿರಲಿ ಎಂದು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಎಷ್ಟೋ ಹೊತ್ತಿಗೆ ಪಟಾಕಿಯ ಸದ್ದು, ಜನರ ಕೂಗು. ಬಾಗಿಲ ಸಂದಿಯಲ್ಲಿ ಬೆಳಕು ಹರಿಯಿತು. ದೊಡ್ಡಪ್ಪ ಅಟ್ಟಣೆ ಇಳಿದು ಬಂದು ಬಾಗಿಲು ಬಡಿದರು.

"ಯಾವೋನ್ಲಾ ಒಳಗೆ?"

"ನಾನು ದೊಡ್ಡಪ್ಪ."

"ದೊಡ್ಡೋರು ಕಾಡಿಗ್ ಹೋದ್ರು. ಬಾ ಈಚ್ಗೆ" ಅಂದರು.

ಮಣಿ ಅದೇ ಜಾಗದಲ್ಲಿತ್ತು. ಜೀವವಿತ್ತು. ಅದರ ಎಡಗಡೆ, ಒಂದು ಮಾರು ದೂರದಲ್ಲಿ, ಒದ್ದೆ ಮಣ್ಣಿನಲ್ಲಿ ಮೊರದಗಲದ ಹೆಜ್ಜೆ. ಅದರಾಚೆ ಇನ್ನೊಂದು, ಇನ್ನೊಂದು. ದೊಡ್ಡೋರು ಮಣಿಯನ್ನು ಬಳಸಿಕೊಂಡು ಹೋಗಿದ್ದರು. ನನ್ನನ್ನು ಕಂಡದ್ದೇ ಮಣಿ ಬಾಲ ಆಡಿಸಿತು. ಕಚ್ಚಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ, ಬಾಲ ಆಡಿಸಿದ್ದನ್ನು ಸಹಿಸಲಾಗಲಿಲ್ಲ. ಎತ್ತಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನನ್ನ ಕತ್ತು ನೆಕ್ಕುತ್ತಿತ್ತು.

ಜಯ ಗೇಟಿನಲ್ಲೇ ನಿಂತಿದ್ದಳು. ಅವಳಿಗೆ ಸುಳ್ಳು ಹೇಳಿದೆ. ಮಣಿ ಬಿದ್ದುಬಿಟ್ಟಿತು, ನಾನು ಅದರ ಪಕ್ಕದಲ್ಲೇ ನಿಂತು ಕೂಗು ಹಾಕಿದೆ, ಟಾರ್ಚು ಬೀಸಿದೆ, ಆನೆ ಹೋಯಿತು ಎಂದು. ಬಟ್ಟೆಗೆ ಗ್ರೀಸು ಹೇಗೆ ಹತ್ತಿತು ಎಂದು ಅವಳು ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಅವಳು "ಹೌದಾ" ಎಂದಷ್ಟೇ ಅಂದು, ಒಳಗೆ ಹೋಗಿ ಹರಳೆಣ್ಣೆ ಕಾಯಿಸಿ ತಂದು ಮಣಿಯ ತೊಡೆಗೆ ತಿಕ್ಕಿದಳು.

ಅದಾದ ಮೇಲೆ ಮಣಿಯ ಹಿಂಗಾಲು ತಾನಾಗಿ ಏಳಲಿಲ್ಲ. ಕೋಲುಗಳನ್ನು ಒಲೆಗೆ ಹಾಕಿದೆ. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿ ಹಿಡಿದು, ಬೆಳಿಗ್ಗೆ ಸಂಜೆ ಹಿತ್ತಲಿಗೆ ನಡೆಸುತ್ತಿದ್ದೆ. ಸೂಪರ್‌ವೈಸರನ ಹತ್ತಿರ ಬೆನ್ನು ನೋವೆಂದು ಹೇಳಿ ಜನರಲ್ ಶಿಫ್ಟಿಗೆ ಬದಲಾಯಿಸಿಕೊಂಡೆ. ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಗೋಣಿಯ ಮೇಲೆ ಮಲಗಿದ್ದ ಹಾಗೇ, ಮಣಿ ಹೋಯಿತು. ಬೇರೆ ನಾಯಿ ತರುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈ ಭಾನುವಾರ ಎಣ್ಣೆ ಬಟ್ಟಲು ಹಿಡಿದು ಜಯ ನನ್ನ ಮೊಣಕಾಲಿನ ಮುಂದೆ ಕುಳಿತಾಗ ಇಷ್ಟೆಲ್ಲ ನಾಲಿಗೆಯ ತುದಿಗೆ ಬಂತು. ಅವಳ ಕೈ ಅದೇ ಕೈ, ತಿಕ್ಕುವ ರೀತಿ ಅದೇ ರೀತಿ. ತಡೆಯಲಾಗಲಿಲ್ಲ.

"ಜಯಾ, ಅವತ್ತು ನಾನು ಮಣಿ ತಾವ ನಿಂತಿರ್ನಿಲ್ಲ ಕಣೆ. ಬಿಟ್ಟು ಓಡೋಗ್ಬುಟ್ಟೆ."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಬುಡಿ. ದೊಡ್ ಮಾವ ಅವತ್ತೇ ಬಂದು ಹೇಳಿದ್ರು. ಪಂಪ್‌ಸೆಟ್ ಮನೇಲಿ ಚಿಲ್ಕ ಹಾಕ್ಕೊಂಡ್ ಕುಂತಿದ್ರಂತೆ."

"ಮತ್ತೆ ಇಷ್ಟ್ ವರ್ಷ ಯಾಕ್ ಕೇಳ್ನಿಲ್ಲ?"

"ಕೇಳಿ ಏನ್ ಮಾಡ್ಲಿ? ನೀವು ಓಡಿದ್ರಿ ಅಂತ ಕೇಳಿದ್ ತಕ್ಷಣ ದೇವ್ರಿಗೆ ಕಾಯಿ ಒಡ್ಸಿದೋಳು ನಾನು."

ಐದು ವರ್ಷ ಹೊತ್ತ ಮೂಟೆ ಇಳಿಸಿದರೆ, ಕೆಳಗೆ ಅದಾಗಲೇ ಒಬ್ಬರು ಕೈಯೊಡ್ಡಿ ನಿಂತಿದ್ದರು. ಅಳು ಬಂದಂತಾಯಿತು. ಆಗ ಅವಳೇ ಮುಂದುವರಿಸಿದಳು.

"ನೀವ್ ಹೇಳಿದ್ರಿ, ನಾನೂ ಒಂದ್ ಹೇಳ್ಬುಡ್ತೀನಿ. ಬೆಳಿಗ್ಗೆ ನೀವ್ ಹೋದ್ಮೇಲೆ ನಾನೇನ್ ಮಲಗ್ತಿದ್ದೆ ಅನ್ಕೊಂಡ್ರಾ? ಕದದ್ ಹಿಂದೇನೆ ನಿಂತಿರ್ತಿದ್ದೆ. ರಸ್ತೇಲಿ ಬಸ್ ಹಾರನ್ ಕೇಳೋಗಂಟ ಜೀವದಲ್ ಜೀವ ಇರ್ತಿರ್ನಿಲ್ಲ. ಮಣಿ ಕಾಲ್ ಬಿದ್ದೋದಾಗ ನನ್ ಕೈಕಾಲೇ ಬಿದ್ದೋದಂಗಾಯ್ತು. ಅದ್ಕೆ, ನೀವ್ ಸಂಜೆ ಮಾಡ್ಸೋದ್ ನೋಡ್ಕೊಂಡು, ನಾನೂ ದಿನಾ ಮಾಡಿಸ್ತಿದ್ದೆ. ಬಿಸಿಲೇರಿದ್ಮೇಲೆ ಒಂದ್ ಸಲ, ಬಿಡುವಿದ್ರೆ ಮಧ್ಯಾನ ಇನ್ನೊಂದ್ ಸಲ. ನೀವ್ ಐದು ಮಾಡ್ಸಿದ್ರೆ ನಾನು ಹತ್ತು. ನಿಮ್ಗೆ ಹೇಳಿದ್ರೆ ನಗ್ತೀರಾ ಅಂತ ಹೇಳ್ನಿಲ್ಲ."

ಒಣಮೀನಿನ ಡಬ್ಬ. ಎರಡನೆಯ ಸಲಕ್ಕೇ ನಡುಗುತ್ತಿದ್ದ ಕಾಲು. ಡಾಕ್ಟರಮ್ಮ ಎತ್ತಿದ ಬೆರಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಲೆಯೆತ್ತಿ ನೋಡಿದಳು. ಮುಖದಲ್ಲಿ ಒಂದು ಬೆಳಕಿತ್ತು, ನಾಚಿಕೆಯೂ ಹೆಮ್ಮೆಯೂ ಬೆರೆತದ್ದು. "ಅದ್ಕೇ ಅಲ್ವಾ ಅದು ಅಷ್ಟ್ ದಿನಾನಾದ್ರೂ ನಿಮ್ ಜೊತೆ ನಡೆದಿದ್ದು?" ಅಂದಳು.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಿನ್ನ ಹೆದರಿಕೆಯೂ ನನ್ನ ಹೆದರಿಕೆಯೂ ಸೇರಿ, ಒಂದು ಮುದಿ ಪ್ರಾಣಿಗೆ ದಿನಕ್ಕೆ ಮೂರು ಸಲ ಬಸ್ಕಿ ಹೊಡೆಸಿ, ಬೇಕಾದ ಹೊತ್ತಿಗೆ ಅದರ ಕಾಲು ಕುಸಿಯುವ ಹಾಗೆ ಮಾಡಿದವು ಎಂದೇ? ಒಂದು ವೇಳೆ ಹಾಗೆ ಹೇಳಿದರೆ ಇನ್ನೊಂದನ್ನೂ ಹೇಳಬೇಕಲ್ಲ. ಆ ಕಾಲು ಅವತ್ತು ಗಟ್ಟಿಯಾಗಿದ್ದಿದ್ದರೆ ಮಣಿ ನೇರ ನನ್ನ ಕಡೆಗೇ ಓಡಿ ಬರುತ್ತಿತ್ತು, ಅದರ ಹಿಂದೆ ಆನೆಯೂ ಬರುತ್ತಿತ್ತು, ಈ ಎಣ್ಣೆ ತಿಕ್ಕಿಸಿಕೊಳ್ಳಲು ಈ ಮೊಣಕಾಲು ಉಳಿದಿರುತ್ತಿರಲಿಲ್ಲ. ಅವಳು ಮಾಡಿದ ತಪ್ಪಿನಿಂದ ಮಣಿ ಹೋಯಿತೋ, ನಾನು ಉಳಿದೆನೋ, ಎರಡೂ ಹೌದೋ? ಯಾರನ್ನು ಕೇಳಲಿ?

"ಹೌದು ಕಣೆ. ನಿನ್ನಿಂದ್ಲೇ ನಡೀತು" ಅಂದೆ.

ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಎಡಗಾಲಿಗೂ ಎಣ್ಣೆ ತಿಕ್ಕಿದಳು, ಅದಕ್ಕೆ ನೋವೇ ಇರಲಿಲ್ಲ. ಬಟ್ಟಲು ಎತ್ತಿಕೊಂಡು ಏಳುತ್ತ, "ಬುಧವಾರ ದನದ್ ಆಸ್ಪತ್ರೆಗೆ ಹೋಗಿ ಮೇಕೆಗೆ ಜಂತಿನ್ ಔಷ್ದಿ ತತ್ತೀನಿ. ಆ ಡಾಕ್ಟ್ರಮ್ಮ ಇನ್ನೂ ಇದ್ರೆ, ನಾನೂ ಮಣಿಗೆ ಎಷ್ಟ್ ಮಾಡಿಸ್ದೆ ಅಂತ ಹೇಳ್ಬುಟ್ಟು ಬತ್ತೀನಿ" ಅಂದಳು.

ಡಾಕ್ಟರಮ್ಮ ಆ ಬೆರಳನ್ನು ಇವಳ ಮುಂದೆಯೂ ಎತ್ತಿಬಿಟ್ಟರೆ?

"ನೀನ್ ಬ್ಯಾಡ, ನಾನೇ ಹೋಗ್ತೀನಿ" ಅಂದೆ.

"ಈ ಮಂಡಿ ಇಟ್ಕೊಂಡಾ?"

"ಓಡಾಡಿದ್ರೆ ಸಡಿಲ ಆಯ್ತದೆ" ಅಂದೆ. ಆ ಡಾಕ್ಟರಮ್ಮನಿಗೆ ವರ್ಗವಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬುಧವಾರಕ್ಕೆ ರಜ ಬರೆದುಕೊಟ್ಟಿದ್ದೇನೆ.